ಕಡೆಯವಳ ಒಣ ಅಂಗಿ

“ಅವ್ವ, ಗಂಟಲು ಕಟ್ಟಿದವರೆಲ್ಲ ಮುಂದೆ ಕೂರುತ್ತೀರಿ. ಗಟ್ಟಿ ಗಂಟಲಿನ ನನ್ನನ್ನು ಯಾಕೆ ಕಡೆಯ ಸಾಲಿಗೆ ತಳ್ಳುತ್ತೀರಿ?”

ಕೇಳಿದವಳು ರಾಜಮ್ಮಣಿ. ಹೊಂಬಾಳವ್ವನ ಹತ್ತಿರ ಸೋಬಾನೆ ಪದ ಕಲಿಯಲು ಬಂದ ಹೊಸ ಹುಡುಗಿ. ಬೇಸಿಗೆಯೆಲ್ಲ ತನ್ನ ಊರಿನಲ್ಲಿ ರೊಟ್ಟಿ ತಟ್ಟುವಾಗ, ನೀರು ಸೇದುವಾಗ ಒಬ್ಬಳೇ ಹಾಡಿ ಹಾಡಿ ಪದಗಳನ್ನು ಬಾಯಿಗೆ ತಂದುಕೊಂಡು ಬಂದಿದ್ದಳು. ಹಿಂದಿನ ದಿನ ಒಂದು ಮದುವೆಮನೆಯಲ್ಲಿ ಹಾಡುವುದಿತ್ತು. ಚಪ್ಪರದ ಶಾಸ್ತ್ರದಿಂದ ಹೆಣ್ಣು ಒಪ್ಪಿಸುವವರೆಗೆ ಹೊಂಬಾಳವ್ವ ಮುಂದೆ ಕೂತು ಪದ ಹೇಳಿದ್ದರು. ಅವರು ಹೇಳಿದ್ದನ್ನು ಹಿಂದಿನವರು ತಿರುಗಿ ಹೇಳಿ ಸೊಲ್ಲು ಕೊಟ್ಟಿದ್ದರು. ರಾಜಮ್ಮಣಿ ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ. ಬೆಳಗಾಗುವುದರೊಳಗೆ ಅವಳು ಚೀಲ ಕಟ್ಟಿದ್ದಳು. ಅವ್ವನ ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಬಸ್ಸು ಹತ್ತುವುದು, ಮತ್ತೆ ಈ ಜಗಲಿ ಮೆಟ್ಟುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದಳು.

ಹೊಂಬಾಳವ್ವನಿಗೆ ಸಿಟ್ಟು ಬರಲಿಲ್ಲ. ಶುಂಠಿ ಕುದಿಸಿದ ನೀರನ್ನು ಒಂದು ಗುಟುಕು ಕುಡಿದು, ಒಡೆದ ದನಿಯಲ್ಲಿ ಅಂದರು: “ಬಸ್ಸಿಗೆ ಇನ್ನೂ ಹೊತ್ತಿದೆ. ಒಂದು ಕತೆ ಹೇಳುತ್ತೇನೆ, ಕೇಳಿಕೊಂಡು ಹೋಗು. ಹಿಮದ ನಾಡಿನ ಕತೆ.”

“ಹಿಮ ನೀವೆಲ್ಲಿ ನೋಡಿದಿರಿ ಅವ್ವ?”

“ನೋಡಿಲ್ಲ. ನೀನು ಸಮುದ್ರ ನೋಡದೆಯೇ ಉಪ್ಪು ತಿನ್ನುತ್ತಿಲ್ಲವೇನೆ? ಸುಮ್ಮನೆ ಕೇಳು.”

ಕತೆ ಹೀಗಿತ್ತು.

ಹಿಮದ ನಾಡಿನಲ್ಲಿ ಒಂದು ಕಾಲೇಜು. ಅಲ್ಲಿ ಒಂದು ಆಟವಿತ್ತು. ಕಾಲಿಗೆ ಆಳುದ್ದದ ತೆಳು ಹಲಗೆ ಕಟ್ಟಿಕೊಳ್ಳಬೇಕು. ಸ್ಕೀ ಅಂತ ಅದರ ಹೆಸರು. ಎರಡು ಕೈಗೆ ಎರಡು ಕೋಲು. ಬೆಟ್ಟದ ನೆತ್ತಿಯಿಂದ ಜಾರಿ ಬರುವ ಆಟವಲ್ಲ ಅದು. ಬಯಲಲ್ಲಿ, ಕಾಡಿನಲ್ಲಿ, ಏರಿನಲ್ಲಿ, ನಡೆದಂತೆಯೂ ಜಾರಿದಂತೆಯೂ ಹಿಮದ ಮೇಲೆ ಹರದಾರಿಗಟ್ಟಲೆ ಹೋಗುವುದು. ಕಾಲೇಜಿಗೆ ಒಂದು ತಂಡ. ವರ್ಷ ವರ್ಷ ಹಳಬರು ಓದು ಮುಗಿಸಿ ಹೊರಡುವರು, ಹೊಸಬರು ಬಂದು ಸೇರುವರು.

ಆ ವರ್ಷ ಸೇರುವವರಲ್ಲಿ ಒಬ್ಬ ಗಿರಣಿಯವನ ಮಗಳಿದ್ದಳು. ಬೇಸಿಗೆಯಲ್ಲಿ ಅಭ್ಯಾಸ ಮಾಡಿ ಗಟ್ಟಿಯಾಗಿ ಬನ್ನಿ ಎಂದು ಹೊಸಬರಿಗೆಲ್ಲ ತಂಡದಿಂದ ಹೇಳಿ ಕಳುಹಿಸಿದ್ದರು. ಬೇಸಿಗೆಯಲ್ಲಿ ಹಿಮ ಎಲ್ಲಿಂದ ಬರಬೇಕು? ಮೋಟು ಹಲಗೆಗೆ ಗಾಲಿ ಹಾಕಿಸಿಕೊಂಡು ಡಾಂಬರು ರಸ್ತೆಯ ಮೇಲೆ ಗರಗರನೆ ಓಡುವುದು, ಅದೇ ಅಭ್ಯಾಸ. ಅವಳು ಗಿರಣಿಯಿಂದ ಹೊಳೆಯ ಸೇತುವೆಯವರೆಗೆ ಹೋಗಿ ಬರುತ್ತಿದ್ದಳು. ಬೀಸಿಸಲು ಬಂದವರು ಚೀಲ ಇಳಿಸಿ ನಿಂತು ನಗುತ್ತಿದ್ದರು.

“ಏನಮ್ಮ, ಹಿಮ ತಡವಾಯಿತೆಂದು ನೀನೇ ಕರೆತರಲು ಹೊರಟೆಯಾ?”

ಅಪ್ಪ ಮಾತ್ರ ನಗುತ್ತಿರಲಿಲ್ಲ. ಮಗಳು ಮರಳುವ ಗಾಲಿಯ ಸದ್ದು ಕೇಳಿದ ಕೂಡಲೇ ಗಿರಣಿ ನಿಲ್ಲಿಸುತ್ತಿದ್ದ. ಒಂದು ಚೊಂಬು ತಣ್ಣನೆಯ ಹಾಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಚೊಂಬಿನ ಮೇಲೆ ಅವನ ಹಿಟ್ಟಿನ ಬೆರಳುಗಳ ಗುರುತು ಮೂಡಿರುತ್ತಿತ್ತು.

ಬೇಸಿಗೆ ಮುಗಿಯಿತು. ಅವಳ ಕಾಲು ಕಲ್ಲಾಯಿತು. ಎಲೆ ಉದುರುವ ಹೊತ್ತಿಗೆ ಕಾಲೇಜಿಗೆ ಬಂದಳು. ಹಿಮ ಬೀಳುವವರೆಗೆ ತಂಡವೂ ಗಾಲಿಯ ಮೇಲೆಯೇ ಓಡುತ್ತಿತ್ತು. ಮೊದಲ ದಿನವೇ ಅವಳು ಹೊಸಬರನ್ನು ಹಿಂದೆ ಹಾಕಿದಳು. ಆಮೇಲೆ ಹಳಬರನ್ನೂ ಹಿಂದೆ ಹಾಕಿದಳು. ಹಳಬರು ಚಪ್ಪಾಳೆ ತಟ್ಟಿದರು. ಹಿಮ ಬೀಳಲಿ, ಮುಂದಿರುವವಳು ನಾನೇ ಎಂದುಕೊಂಡಳು.

ಹಿಮ ಬಿತ್ತು. ಜರಡಿಯಿಂದ ಹಿಟ್ಟು ಸುರಿದಂತೆ ಸುರಿದು, ಬೆಳಗಾಗುವಾಗ ದಾರಿ, ಹೊಲ, ಬೇಲಿ ಒಂದೂ ಕಾಣದಂತಾಗಿತ್ತು. ಹೊಸ ಹಿಮ ಬಿದ್ದ ದಿನ ಒಬ್ಬರ ಹಿಂದೆ ಒಬ್ಬರಾಗಿ ಹೊರಡುವುದು ಅಲ್ಲಿಯ ಪದ್ಧತಿ. ಆ ವರ್ಷ ಓದು ಮುಗಿಸಲಿದ್ದ ಒಬ್ಬಳು ತಂಡಕ್ಕೆ ಹಿರಿಯಳು. ಅವಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಹಳಬರು ಮುಂದೆ, ಹೊಸಬರು ಹಿಂದೆ. ಗಿರಣಿಯವನ ಮಗಳು ಎಲ್ಲರಿಗಿಂತ ಕಡೆಗೆ.

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಹೊರಟಳು. ಹಲಗೆ ಎಷ್ಟು ಸಲೀಸಾಗಿ ಹೋಯಿತೆಂದರೆ, ಮುಂದಿದ್ದವನ ಹಲಗೆಗೆ ಹೋಗಿ ಹೋಗಿ ತಾಗುತ್ತಿತ್ತು. ಅವನೂ ಹೊಸಬನೇ, ಸ್ವಲ್ಪ ಸೋಮಾರಿ.

“ನಿನಗೇನು ಅವಸರ?” ಅಂದ ಅವನು. “ಹಿಂದೆ ಇದ್ದರೆ ಗಾಳಿಯೂ ಹೊಡೆಯುವುದಿಲ್ಲ. ನನ್ನನ್ನು ಕೇಳಿದರೆ ಓದು ಮುಗಿಯುವವರೆಗೆ ಇಲ್ಲೇ ಇದ್ದುಬಿಡುತ್ತೇನೆ.”

“ಇರು, ಇರು. ನಾನು ಇದಕ್ಕಾಗಿ ಬೇಸಿಗೆಯೆಲ್ಲ ಓಡಲಿಲ್ಲ,” ಅಂದಳು ಅವಳು.

ಸ್ವಲ್ಪ ದೂರಕ್ಕೊಮ್ಮೆ ಎಲ್ಲರಿಗಿಂತ ಮುಂದಿದ್ದವರು ಪಕ್ಕಕ್ಕೆ ಸರಿಯುತ್ತಿದ್ದರು. ಎರಡನೆಯವರು ಮುಂದಾಗುತ್ತಿದ್ದರು. ಸರಿದವರು ಹಳಬರ ಸಾಲಿನ ಕೊನೆಗೆ ಬಂದು ಸೇರುತ್ತಿದ್ದರು. ಹೊಸಬರ ಸರದಿ ಬರಲೇ ಇಲ್ಲ.

ಸಂಜೆ ಎಲ್ಲರೂ ಒಲೆಯ ಸುತ್ತ ಕೂತರು. ಹಳಬರ ಅಂಗಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಶಾಖಕ್ಕೆ ಅವರ ಬೆನ್ನಿನಿಂದ ಹಬೆ ಏಳುತ್ತಿತ್ತು. ಗಿರಣಿಯವನ ಮಗಳು ತನ್ನ ಅಂಗಿ ಮುಟ್ಟಿ ನೋಡಿಕೊಂಡಳು. ಬೆಳಿಗ್ಗೆ ತೊಟ್ಟಾಗ ಇದ್ದ ಹಾಗೆಯೇ ಗರಿಗರಿಯಾಗಿತ್ತು. ಇಷ್ಟು ದೂರಕ್ಕೇ ಇಷ್ಟು ಬೆವರಿದರಲ್ಲ ಇವರು ಎಂದು ಮನಸ್ಸಿನಲ್ಲೇ ನಕ್ಕಳು. ಬಾಯಿಯೂ ಸುಮ್ಮನಿರಲಿಲ್ಲ.

“ಬೆವರುವವರು ಮುಂದೆ, ಬೆವರದವರು ಹಿಂದೆ. ಚೆನ್ನಾಗಿದೆ ನಿಮ್ಮ ನ್ಯಾಯ,” ಅಂದಳು.

ಹಿರಿಯಳು ಕಾಲುಚೀಲ ಹಿಂಡುತ್ತಿದ್ದಳು. ತಲೆ ಎತ್ತಿ, “ನಿನ್ನ ಅಂಗಿ ನೆನೆದಿಲ್ಲವಲ್ಲ, ನಮಗೆ ಅಷ್ಟು ಸಾಕು,” ಅಂದಳು. ಎದ್ದು ಬಂದು ಅವಳ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿದಳು.

ಅದು ಹಂಗಿಸುವ ಮಾತೆಂದೇ ಅವಳಿಗೆ ಕೇಳಿಸಿತು. ಗಂಜಿ ಮುಟ್ಟದೆ ಎದ್ದು ಹೋದಳು.

ಆಮೇಲೆ ಹೊಸ ಹಿಮ ಬಿದ್ದಾಗಲೆಲ್ಲ ಅವಳು ಕಡೆಯವಳೇ. ಒಂದು ದಿನ ಸಾಕಾಯಿತು. ತಂಡ ಬಿಟ್ಟು, ಕಾಲೇಜೂ ಬಿಟ್ಟು, ಅಪ್ಪನ ಗಿರಣಿಗೆ ಹೋಗಿಬಿಡುವುದೆಂದು ತೀರ್ಮಾನಿಸಿದಳು. ರೈಲು ನಿಲ್ಲುವ ಜಾಗ ಕಾಡಿನ ಆಚೆ ಇತ್ತು. ತಂಡದವರು ಏಳುವ ಮೊದಲೇ ಗಂಟನ್ನು ಬೆನ್ನಿಗೆ ಕಟ್ಟಿ, ಕಾಲಿಗೆ ಹಲಗೆ ಬಿಗಿದು ಹೊರಟಳು. ಮತ್ತೆ ಹಿಮ ಬಿದ್ದಿತ್ತು. ಅದರ ಮೇಲೆ ಹಕ್ಕಿಯ ಹೆಜ್ಜೆಯೂ ಇರಲಿಲ್ಲ.

ಅವಳಿಗೆ ಸಂತೋಷವಾಯಿತು. ಅಡ್ಡಕ್ಕೆ ಯಾರ ಬೆನ್ನೂ ಇಲ್ಲ.

ಕೋಲು ಊರಿದಳು. ಕೋಲು ಮೊಳದುದ್ದ ಒಳಗೆ ಹೋಯಿತು. ಹಲಗೆ ಜಾರಲಿಲ್ಲ, ಹೂತುಕೊಂಡಿತು. ಎತ್ತಿ ಮುಂದಿಟ್ಟಳು. ಮತ್ತೆ ಹೂತಿತು. ಕೆಸರುಗದ್ದೆಯಲ್ಲಿ ಕಾಲು ಕಿತ್ತು ಕಿತ್ತು ಇಡುವವರ ಹಾಗೆ ನಡೆದಳು. ಬೇಸಿಗೆಯ ಕಲ್ಲುಕಾಲು ನಡುಗತೊಡಗಿತು. ಬೆನ್ನ ಹಿಂದೆ ಕಾಲೇಜಿನ ಕಿಟಕಿಗಳು ಇನ್ನೂ ಕಾಣುತ್ತಿದ್ದವು. ಆಗಲೇ ಅಂಗಿ ಮೈಗೆ ಅಂಟಿಕೊಂಡಿತ್ತು. ಕಾಡಿನ ಅಂಚು ಮುಟ್ಟುವಾಗ ಏದುಸಿರು ಬಿಡುತ್ತಿದ್ದಳು. ಒಂದು ಪೈನ್ ಮರಕ್ಕೆ ಒರಗಿ ನಿಂತಳು. ಕೊರಳ ಪಟ್ಟಿಯಿಂದ ಹಬೆ ಏಳುತ್ತಿತ್ತು. ಅಂಗಿ ಮುಟ್ಟಿ ನೋಡಿಕೊಂಡಳು. ಒದ್ದೆ. ಒಲೆಯ ಸುತ್ತ ಹಬೆಯಾಡುತ್ತಿದ್ದ ಬೆನ್ನುಗಳು ಕಣ್ಣ ಮುಂದೆ ಬಂದವು.

ಹಿಂದೆ ನಗು ಕೇಳಿಸಿತು. ತಿರುಗಿ ನೋಡಿದಳು. ಅವಳು ಮಾಡಿದ ಜಾಡಿನಲ್ಲಿ ತಂಡ ಬರುತ್ತಿತ್ತು. ಹಳಬರು, ಹೊಸಬರು, ಎಲ್ಲರೂ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು, ಸಲೀಸಾಗಿ ಜಾರಿಕೊಂಡು ಬರುತ್ತಿದ್ದರು. ಆ ಸೋಮಾರಿ ಹೊಸಬ ದೂರದಿಂದಲೇ ಕೂಗಿದ: “ಏ, ದಾರಿ ಬಹಳ ಚೆನ್ನಾಗಿ ಮಾಡಿದ್ದೀಯೆ!”

ಹಿರಿಯಳು ಅವಳ ಹತ್ತಿರ ಬಂದು ನಿಂತಳು. ಬೆನ್ನಿನ ಗಂಟು ನೋಡಿದಳು. ಎಲ್ಲಿಗೆ ಹೊರಟೆ ಎಂದು ಕೇಳಲಿಲ್ಲ. ಅಂಗಿಯ ತೋಳು ಹಿಡಿದು ನೋಡಿ, “ನೆನೆದುಹೋಗಿದ್ದೀಯಲ್ಲೆ. ಸಾಕು, ಹಿಂದೆ ಹೋಗು,” ಅಂದಳು. ಆಮೇಲೆ ಅವಳನ್ನು ಬಳಸಿಕೊಂಡು ಹೋಗಿ, ಯಾರೂ ತುಳಿಯದ ಹಿಮಕ್ಕೆ ಕಾಲಿಟ್ಟಳು.

ಒಬ್ಬೊಬ್ಬರಾಗಿ ದಾಟಿ ಹೋದರು. ಗಿರಣಿಯವನ ಮಗಳು ಕಡೆಗೆ ಸೇರಿಕೊಂಡಳು. ಹಲಗೆ ತಾನಾಗಿ ಜಾರಿತು. ಯಾರೋ ಸೊಂಟದ ಮೇಲೆ ಕೂರಿಸಿಕೊಂಡು ಹೋದ ಹಾಗಿತ್ತು. ಕಾಡಿನ ಆಚೆ ರೈಲಿನ ಸಿಳ್ಳೆ ಕೇಳಿಸಿತು. ಅವಳು ಆ ಕಡೆ ನೋಡಲಿಲ್ಲ.

ಹಿಮ ಕರಗಿತು. ಹಿರಿಯಳ ಓದು ಮುಗಿಯಿತು. ರೈಲಿನವರೆಗೆ ಅವಳ ಪೆಟ್ಟಿಗೆ ಹೊತ್ತುಕೊಂಡು ಹೋದವಳು ಗಿರಣಿಯವನ ಮಗಳೇ.

“ನೀನು ಹೋದ ಮೇಲೆ ಮುಂದೆ ಯಾರು ಅಕ್ಕ?” ಎಂದು ಕೇಳಿದಳು.

“ಯಾರಿಗೆ ನನ್ನ ಬೆನ್ನು ಚೆನ್ನಾಗಿ ನೆನಪಿದೆಯೋ ಅವರು,” ಅಂದಳು ಹಿರಿಯಳು. ರೈಲು ಹೊರಟಿತು.

ವರ್ಷಗಳು ಹೋದವು. ಒಂದು ಚಳಿಗಾಲ ಸಾಲು ನಿಲ್ಲಿಸುವ ಕೆಲಸ ಗಿರಣಿಯವನ ಮಗಳಿಗೆ ಬಂತು. ಹಳಬರನ್ನು ಮುಂದೆ ನಿಲ್ಲಿಸಿದಳು, ಹೊಸಬರನ್ನು ಹಿಂದೆ ನಿಲ್ಲಿಸಿದಳು, ತಾನು ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ಅವಳು ಆಸೆಪಟ್ಟಿದ್ದ ಜಾಗ ಅದು. ಎದುರಿಗೆ ಬಿಳಿ ಬಯಲು ಬಿಟ್ಟರೆ ಏನೂ ಇರಲಿಲ್ಲ. ಹೊರಟು ಸ್ವಲ್ಪ ದೂರ ಹೋಗುವುದರೊಳಗೆ, ಸಾಲಿನ ಕೊನೆಯಿಂದ ಹೊಸ ಹುಡುಗಿಯೊಬ್ಬಳು ಕೂಗಿದಳು:

“ಅಕ್ಕಾ, ಇದೇನು ಓಟವೋ ದಿಬ್ಬಣವೋ? ಸ್ವಲ್ಪ ಬೇಗ ನಡೆಯಬಾರದೆ?”

ಹಳಬರು ಗೊಳ್ಳನೆ ನಕ್ಕರು. ಅವಳೂ ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಗಾಲಿಯ ಗರಗರ ಸದ್ದು, ಚೊಂಬಿನ ಮೇಲಿನ ಹಿಟ್ಟಿನ ಬೆರಳು, ಮುಟ್ಟದೆ ಬಿಟ್ಟ ಗಂಜಿ, ತನ್ನ ಆ ಗರಿಗರಿ ಅಂಗಿ, ಎಲ್ಲ ನೆನಪಾಯಿತು. ಒಂದು ಸಲ ತಿರುಗಿ ನೋಡಿದಳು. ಸಾಲಿನ ಕಡೆಯ ಜಾಗ ಬಹಳ ದೂರದಲ್ಲಿತ್ತು. ಅಲ್ಲಿಗೆ ಇನ್ನೊಮ್ಮೆ ಹೋಗಿ ನಿಲ್ಲುವಂತಿರಲಿಲ್ಲ. ಕೋಲು ಊರಿ, ಹೊಸ ಹಿಮಕ್ಕೆ ಕಾಲಿಟ್ಟಳು.

ಹೊಂಬಾಳವ್ವ ಕತೆ ನಿಲ್ಲಿಸಿದರು. ಕಡೆಕಡೆಗೆ ಅವರ ದನಿ ಬರೀ ಗಾಳಿಯಾಗಿತ್ತು. ಬೀದಿಯ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು. ರಾಜಮ್ಮಣಿಯ ಕೈ ಚೀಲದ ಮೇಲೆಯೇ ಇತ್ತು.

“ಕತೆ ಚೆನ್ನಾಗಿದೆ ಅವ್ವ. ಆದರೆ ನಾನು ಮುಂದೆ ಕೂರುವುದು ಯಾವಾಗ, ಅದನ್ನು ಹೇಳಲಿಲ್ಲವಲ್ಲ?”

ಹೊಂಬಾಳವ್ವ ಲೋಟದ ತಳದಲ್ಲಿದ್ದ ಶುಂಠಿನೀರು ಕುಡಿದು, ಹುಡುಗಿಯ ತಲೆ ಸವರಿದರು.

“ನನ್ನ ಮುಂದೆ ಕೂತು ಹಾಡುತ್ತಿದ್ದವರು ಒಬ್ಬರೂ ಉಳಿದಿಲ್ಲ ಕೂಸೆ, ನಿನ್ನ ಮುಂದೆ ಇನ್ನೂ ನಾನಿದ್ದೇನೆ.”