ವಾಚನಾಲಯದ ಗೊರಗೊರ

ವಾಚನಾಲಯದ ಜವಾನ ಪುಟ್ಟಸೋಮಯ್ಯ ಹಳೇ ಸಾಮಾನು ಕೂಡಿಸಿ ತಾನೇ ಒಂದು ರೇಡಿಯೋ ಮಾಡಿದ್ದ. ದಿನಾ ಬೆಳಿಗ್ಗೆ ಏಳರ ವಾರ್ತೆಗೆ ಊರಿನ ಮುದುಕರೆಲ್ಲ ಅದರ ಮುಂದೆ ಹಾಜರು. ಆದರೆ ಒಂದು ತಿಂಗಳಿಂದ ವಾರ್ತೆ ಶುರುವಾದರೆ ಸಾಕು, ಗೊರಗೊರ ಸದ್ದು.

"ನಾಡಿದ್ದರೊಳಗೆ ಸರಿಹೋಗದಿದ್ದರೆ ನಿನ್ನ ಡಬ್ಬ ತಿಪ್ಪೆಗೆ," ಅಂದರು ವಾಚನಾಲಯದ ಅಧ್ಯಕ್ಷ ವೃಷಭೇಂದ್ರಯ್ಯ. ದಿನಾ ನೂರೆಂಟು ಸೂರ್ಯನಮಸ್ಕಾರ ಹಾಕಿ ಹೊಟ್ಟೆ ಇಳಿಸಿದೆನೆಂದು ಹೋದಲ್ಲೆಲ್ಲ ಭಾಷಣ ಬಿಗಿಯುವವರು ಅವರು.

ಮರುದಿನ ಏಳಕ್ಕೆ ಸೋಮಯ್ಯ ಅಂಗೈಯಗಲದ ಟ್ರಾನ್ಸಿಸ್ಟರ್ ಹಿಡಿದು, ಸದ್ದು ಜೋರಾದ ಕಡೆಗೆಲ್ಲ ನಡೆದ. ಅದು ಕಿವಿಗಡಚಿಕ್ಕುವಷ್ಟಾದದ್ದು ಅಧ್ಯಕ್ಷರ ಮನೆ ಕಿಟಕಿಯ ಹತ್ತಿರ. ಇಣುಕಿದರೆ, ಅಧ್ಯಕ್ಷರು ಹೊಟ್ಟೆ ಕರಗಿಸುವ ಕರೆಂಟಿನ ಬೆಲ್ಟು ಕಟ್ಟಿಕೊಂಡು ಗಡಗಡ ನಡುಗುತ್ತಾ ನಿಂತಿದ್ದಾರೆ.

ಅವರ ಮುಖಕ್ಕೆ ಹೇಳುವುದುಂಟೇ? ಸಂಜೆ ಎಲ್ಲರೆದುರು ಕೈಮುಗಿದ. "ಸ್ವಾಮಿ, ನಾಳೆ ವಾರ್ತೆ ಹೊತ್ತಿಗೆ ತಾವು ಇಲ್ಲೇ ಬಂದು ಸೂರ್ಯನಮಸ್ಕಾರ ಹಾಕಿದರೆ ರೇಡಿಯೋದ ಗೊರಗೊರ ತೆಪ್ಪಗಾಗುತ್ತೆ."

ಮುದುಕರು ಚಪ್ಪಾಳೆ ತಟ್ಟಿಬಿಟ್ಟರು. ಅಧ್ಯಕ್ಷರು ಒಲ್ಲೆ ಅನ್ನುವಂತಿರಲಿಲ್ಲ.

ಬೆಳಿಗ್ಗೆ ರೇಡಿಯೋ ಗಂಟೆ ಬಾರಿಸಿದ ಹಾಗೆ ಮಾತಾಡಿತು. ಅಧ್ಯಕ್ಷರು ಮೂರನೇ ನಮಸ್ಕಾರಕ್ಕೇ ಚಾಪೆ ಮೇಲೆ ಅಂಗಾತ ಬಿದ್ದರು. ಗೊರಗೊರ ಈಗ ಅವರ ಎದೆಯಿಂದ ಬರುತ್ತಿತ್ತು. ನೀರು ಕೊಡಲು ಬಗ್ಗಿದ ಸೋಮಯ್ಯನ ಕಿವಿಯಲ್ಲಿ ಮೆಲ್ಲಗೆ ಕೇಳಿದರು, "ಲೋ, ವಾರ್ತೆ ಎಷ್ಟು ಹೊತ್ತಿಗೆ ಮುಗಿಯುತ್ತೆ?"

"ಏಳೂ ಕಾಲಿಗೆ ಸ್ವಾಮಿ. ಆಮೇಲೆ ಬೆಲ್ಟು ಕಟ್ಕೊಳ್ಳಿ."