ಬುತ್ತಿ ಕಾಯುತ್ತಿದ್ದ ಕೋತಿ

ಲೋಕ ಇನ್ನೂ ಹೊಸದಾಗಿ, ಬೆಟ್ಟದ ಬಂಡೆಗಳು ಕೂಡ ಮೆತ್ತಗಿದ್ದ ಕಾಲದಲ್ಲಿ ಒಂದು ಕೋತಿಯಿತ್ತು. ಯಾರಾದರೂ ಬುತ್ತಿಗಂಟು ಕೊಟ್ಟರೆ ಮೊದಲು ಎರಡೂ ಅಂಗೈಗಳನ್ನು ಹುಲ್ಲಿಗೆ ಒರೆಸಿಕೊಳ್ಳುವುದು ಅದರ ಅಭ್ಯಾಸ. ಆಮೇಲೆಯೇ ಗಂಟನ್ನು ಮುಟ್ಟುತ್ತಿತ್ತು.

ಬೆಟ್ಟದ ತುದಿಯಲ್ಲಿ ದೇವಸ್ಥಾನ. ಜನ ಬೆಳಿಗ್ಗೆ ಹತ್ತುತ್ತಿದ್ದರು, ಸಂಜೆಗೆ ಇಳಿಯುತ್ತಿದ್ದರು. ಖಾಲಿ ಹೊಟ್ಟೆಯಲ್ಲೇ ಹತ್ತಬೇಕು. ಬುತ್ತಿಯ ಮೊದಲ ತುತ್ತು ದೇವರಿಗೆ. ಅದಕ್ಕೂ ಮುಂಚೆ ಮನೆಯವರೇ ಯಾರಾದರೂ ಬಾಯಿ ಹಾಕಿದರೆ ಆ ಮನೆಗೆ ಆ ವರ್ಷ ಗುಡಿಯ ಬಾಗಿಲು ಮುಚ್ಚಿದಂತೆಯೇ. ಅದಕ್ಕೇ ಜನ ಗುಡಿಯ ಪಕ್ಕದ ಕೊಳದಲ್ಲಿ ಮಿಂದು ಬರುವವರೆಗೆ ಗಂಟುಗಳನ್ನು ಕೋತಿ ಕಾಯುತ್ತಿತ್ತು. ಒಂದು ಅಗುಳೂ ಆಚೀಚೆ ಆಗುತ್ತಿರಲಿಲ್ಲ.

ಒಂದು ದಿನ ದೇವೀರಿ ತನ್ನ ಅತ್ತೆ ಚೌಡವ್ವನ ಜೊತೆ ಬೆಟ್ಟ ಹತ್ತಿದಳು. ದೇವೀರಿಗೆ ಮಕ್ಕಳಿರಲಿಲ್ಲ. ಹರಕೆಯ ಪುಟ್ಟ ಮರದ ತೊಟ್ಟಿಲನ್ನು ಮಡಿಲಲ್ಲಿ ಕಟ್ಟಿಕೊಂಡಿದ್ದಳು.

"ಈ ಸಲವೂ ದೇವರು ಕಣ್ಣು ಬಿಡಲಿಲ್ಲ ಅಂದ್ರೆ ನನ್ನ ಮಗನಿಗೆ ಬೇರೆ ಹೆಣ್ಣು ನೋಡ್ತೀನಿ. ಆಮೇಲೆ ಅತ್ತೆ ಹೇಳಲಿಲ್ಲ ಅನ್ನಬೇಡ," ಅಂದಳು ಚೌಡವ್ವ, ಏದುಸಿರು ಬಿಡುತ್ತಾ.

ಅರ್ಧ ದಾರಿಯಲ್ಲಿ ಚೌಡವ್ವ, "ನೀನು ನಡಿ, ಬಂದೆ," ಅಂತ ಬಂಡೆಯ ಮರೆಗೆ ಹೋದಳು. ನಾಲ್ಕು ಮೆಟ್ಟಿಲು ಮೇಲೆ ಹೋಗಿ ದೇವೀರಿ ತಿರುಗಿ ನೋಡಿದಳು. ಅತ್ತೆ ಗಂಟು ಬಿಚ್ಚಿ, ಹೋಳಿಗೆ ಮಡಚಿ ಮಡಚಿ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ದೇವೀರಿ ನೋಡದವಳ ಹಾಗೆ ಮುಂದೆ ನಡೆದಳು.

ಮೇಲೆ ಕೋತಿ ಅಂಗೈ ಒರೆಸಿಕೊಂಡು ಗಂಟು ತೆಗೆದುಕೊಂಡಿತು. ಅತ್ತೆ ಸೊಸೆ ಮಿಂದು ಬಂದ ಮೇಲೆ ಪೂಜಾರಪ್ಪ ಅದನ್ನು ಬಿಚ್ಚಿದರು. ಒಳಗೆ ಕಚ್ಚಿ ಬಿಟ್ಟ ಅರ್ಧ ಹೋಳಿಗೆ.

"ಎಂಜಲು! ಯಾರಮ್ಮ ತಿಂದದ್ದು?"

"ಇನ್ಯಾರು? ಕಾವಲಿಗೆ ಕೂರಿಸಿದ್ದೀರಲ್ಲ, ನಿಮ್ಮ ಸಾಧು!" ಅಂದಳು ಚೌಡವ್ವ.

"ನಾನು ಗಂಟೇ ಬಿಚ್ಚಿಲ್ಲ ಸ್ವಾಮಿ," ಅಂದಿತು ಕೋತಿ.

"ಆಯಮ್ಮನ ಬಾಯಲ್ಲಿ ಬೆಲ್ಲದ ವಾಸನೆ ಇದೆ," ಅಂದಿತು ಗಾಳಿ.

"ಗಾಳಿಮಾತು ಕೇಳ್ಕೊಂಡು ಪೂಜೆ ಮಾಡೋಕಾಗುತ್ತಾ?" ಅಂತ ಯಾರೋ ನಕ್ಕರು. ಎಲ್ಲರೂ ನಕ್ಕರು.

ಕೋತಿ ದೇವೀರಿಯ ಕಡೆ ತಿರುಗಿತು. "ತಾಯಿ, ನೀನು ಜೊತೆಯಲ್ಲೇ ಬಂದವಳು. ನೀನಾದರೂ ಹೇಳು."

ಹೇಳಿದರೆ ಬಾಗಿಲು ಮುಚ್ಚುತ್ತದೆ. ತೊಟ್ಟಿಲು ಕಟ್ಟದೆ ಇಳಿಯಬೇಕು. ಇಳಿದ ಮೇಲೆ ಆ ಮನೆಯಲ್ಲಿ ತನಗೆ ಜಾಗವಿಲ್ಲ.

"ಕೊಡುವಾಗ ಗಂಟು ತುಂಬಿತ್ತು," ಅಂದಳು ದೇವೀರಿ.

ಜನ ಕೋಲಿನಿಂದ ಬಡಿದು ಕೋತಿಯನ್ನು ಅಟ್ಟಿದರು. ಬಾಗಿಲು ತೆರೆಯಿತು, ಗಂಟೆ ಮೊಳಗಿತು, ಮಂಗಳಾರತಿ ಆಯಿತು. ದೇವೀರಿ ತೊಟ್ಟಿಲು ಕಟ್ಟಿದಳು. "ಬೆಳಗಿನಿಂದ ಹೊಟ್ಟೆಗೆ ಒಂದು ತೊಟ್ಟು ನೀರೂ ಇಲ್ಲ ನೋಡಮ್ಮ," ಅನ್ನುತ್ತಾ ಚೌಡವ್ವ ಪ್ರಸಾದಕ್ಕೆ ಕೈ ಚಾಚಿದಳು.

ಮುಂದಿನ ವರ್ಷ ದೇವೀರಿ ಮಗುವನ್ನು ಎತ್ತಿಕೊಂಡೇ ಬೆಟ್ಟ ಹತ್ತಿದಳು. ದೇವರು ಕೊಟ್ಟಿದ್ದ. ಗೋಡೆಯ ಮೇಲೆ ಕೋತಿ ಬಡಕಲಾಗಿ ಕೂತಿತ್ತು. ಅದರ ಕೈಗೆ ಈಗ ಯಾರೂ ಗಂಟು ಕೊಡುತ್ತಿರಲಿಲ್ಲ. ದೇವೀರಿ ಪೂಜೆ ಮುಗಿಸಿ ಬಂದು ಒಂದು ಹೋಳಿಗೆ ಚಾಚಿದಳು.

"ಹೋಳಿಗೆ ಬೇಡ ತಾಯಿ," ಅಂದಿತು ಕೋತಿ. "ನಾನು ತಿನ್ನಲಿಲ್ಲ ಅಂತ ನಾಲ್ಕು ಜನರ ಮುಂದೆ ಒಂದು ಮಾತು ಹೇಳು."

ದೇವೀರಿ ಹೋಳಿಗೆಯನ್ನು ಮೆಟ್ಟಿಲ ಮೇಲಿಟ್ಟು, ಮಗುವಿನ ಮುಖಕ್ಕೆ ಸೆರಗು ಮುಚ್ಚಿ ಹೊರಟಳು.

ಕೋತಿ ಗೋಡೆಯಿಂದ ಹಾರಿತು. ಮಾಡದ ಕಳ್ಳತನಕ್ಕೆ ಏಟು ತಿಂದದ್ದಾಗಿತ್ತು. ಅವಳ ಕೈಯಲ್ಲಿದ್ದ ಗಂಟನ್ನು ಕಿತ್ತುಕೊಂಡು ಮರ ಹತ್ತಿತು.

ಅಂದಿನಿಂದ ಬೆಟ್ಟದ ಕೋತಿ ಯಾರ ಬುತ್ತಿಯನ್ನೂ ಕಾಯುವುದಿಲ್ಲ, ಕಿತ್ತುಕೊಳ್ಳುತ್ತದೆ. ಇವತ್ತು ನೀವು ಅಮ್ಮನ ಜೊತೆ ಹತ್ತಿದಾಗಲೂ ನೋಡಿ, ಚೀಲಕ್ಕೆ ಕೈ ಹಾಕುವ ಮುಂಚೆ ಅದು ಒಂದು ಗಳಿಗೆ ನಿಮ್ಮಮ್ಮನ ಮುಖವನ್ನೇ ದಿಟ್ಟಿಸುತ್ತದೆ: "ನಾನು ತಿನ್ನಲಿಲ್ಲ ಅಂತ ಒಂದು ಮಾತು ಹೇಳ್ತೀಯಾ, ತಾಯಿ?"