ಬರಿದಾಗಿ ಮರಳದ ಡಬ್ಬಿ

ವಾರಿಜ ತನ್ನ ಅಡುಗೆ ವೆಬ್‌ಸೈಟಿನ ಶೇರ್ ಬಟನ್ನನ್ನು ಪುಟದ ತಳದಿಂದ ಮೇಲಕ್ಕೆ ತಂದು, ಕೆಂಪು ಬಣ್ಣ ಕೊಟ್ಟು, ದೊಡ್ಡದು ಮಾಡಿದಳು. ಅದನ್ನೊತ್ತಿ ಕೆಸುವಿನೆಲೆಯ ಪತ್ರೊಡೆ ಮಾಡುವ ವಿಧಾನದ ಪುಟವನ್ನು ಗೊತ್ತಿದ್ದವರಿಗೆಲ್ಲ ಕಳಿಸಿದಳು. ಬಟನ್ ಬೀಗಿತು.

ಮರುದಿನ ಹಳೆಯ ಬೀದಿಯ ನೆರೆಯವರಾದ ಸುಗಂಧಕ್ಕ ಸ್ಟೀಲ್ ಡಬ್ಬಿ ಹಿಡಿದು ಬಂದರು. "ತಗೋ ವಾರಿಜಾ, ನಿನ್ನದೇ ಡಬ್ಬಿ. ನೀವು ಆ ಮನೆ ಬಿಟ್ಟಾಗಿನಿಂದ ನನ್ನ ಹತ್ತಿರವೇ ಉಳಿದುಬಿಟ್ಟಿತ್ತು."

ಡಬ್ಬಿಯನ್ನು ಫೋನಿನ ಪಕ್ಕದಲ್ಲಿಟ್ಟು ಇಬ್ಬರೂ ಹಳೆಯ ಬೀದಿಯ ಮಾತಿಗೆ ಕೂತರು.

ಫೋನಿನೊಳಗಿನ ಬಟನ್ ನಕ್ಕಿತು. "ಒಂದು ಮನೆಯಿಂದ ಬರಲು ನಿನಗೆ ಇಷ್ಟು ವರ್ಷ ಬೇಕಾಯಿತೇ? ನಾನು ಕಣ್ಣು ಮಿಟುಕಿಸುವುದರೊಳಗೆ ನೂರು ಮನೆ ಸೇರುತ್ತೇನೆ."

"ನಿನಗೆ ಹೋದರೆ ಸಾಕು, ನಾನು ಹಿಂದಿರುಗಬೇಕು," ಎಂದಿತು ಡಬ್ಬಿ. "ನೆರೆಮನೆಯ ಡಬ್ಬಿಯನ್ನು ಯಾರೂ ಬರಿದಾಗಿ ಮರಳಿಸುವುದಿಲ್ಲ. ಏನು ತುಂಬಿ ಕೊಡಲಿ ಎಂದು ಸುಗಂಧಕ್ಕ ಯೋಚಿಸುತ್ತಿರುವಾಗಲೇ ನಾನು ಅಟ್ಟ ಸೇರಿದೆ."

"ಮತ್ತೆ ಇವತ್ತು ಹೇಗೆ ಬಂದೆ?"

ಅಷ್ಟರಲ್ಲಿ ವಾರಿಜ ಮುಚ್ಚಳ ತೆರೆದಳು. ಬಿಸಿ ಪತ್ರೊಡೆಯ ಪರಿಮಳ ಮನೆ ತುಂಬಿತು.

ಡಬ್ಬಿ ಮೆಲ್ಲಗೆ ಹೇಳಿತು: "ನಿನ್ನೆ ನೀನು ಆ ಮನೆಗೆ ಒಯ್ದದ್ದನ್ನೇ ತುಂಬಿಕೊಂಡು ಬಂದೆ."